ಒಂದೇ ಅಂಗಳ, ಎರಡು ನಾಯಿ

ನಮ್ಮ ಕಡಹಿನಬೈಲಿನ ಕಡೆ ಬೇಲಿ ಪಕ್ಕ ನಿಂತು ಮಾತಿಗೆ ಶುರು ಮಾಡಿದರೆ ಮೊದಲು ಬರುವುದು ಮಳೆ, ಆಮೇಲೆ ಅಡಿಕೆ ದರ, ಆಮೇಲೆ ಯಾರ ತೋಟಕ್ಕೆ ಆನೆ ಇಳಿಯಿತು ಅನ್ನೋ ಸುದ್ದಿ. ಅಷ್ಟರಲ್ಲಿ ಎರಡೂ ಮನೆಯ ನಾಯಿಗಳು ಬೇಲಿ ಬುಡಕ್ಕೆ ಬಂದು ಮೂಸಲು ಹತ್ತಿರುತ್ತವೆ, ಮಾತು ಅವುಗಳ ಕಡೆ ಹೊರಳುತ್ತದೆ. ಹೊರಳಿದರೆ ಹೆಚ್ಚಾಗಿ ಕೇಳುವುದು ಒಂದೇ ದೂರು: "ನಮ್ಮನೆ ಎರಡೂ ಕಚ್ಚಾಡ್ತಾವೆ ಮಾರಾಯ್ರೆ. ಬಿಡಿಸಿ ಬಿಡಿಸಿ ಸಾಕಾಯ್ತು. ಒಂದನ್ನ ಎಲ್ಲಾದ್ರೂ ಬಿಟ್ಟು ಬರೋಣ ಅಂತಿದೇವೆ."

ಆ ಕೊನೆಯ ಮಾತು ಕಿವಿಗೆ ಬಿದ್ದರೆ ನನಗೆ ಸುಮ್ಮನಿರಲಾಗುವುದಿಲ್ಲ. ಬಿಟ್ಟು ಬರುವ ಮುಂಚೆ ಒಂದರ್ಧ ಗಂಟೆ ನಿಲ್ಲಿ, ಮಾತಾಡೋಣ. ಒಂದೇ ಮನೆಯ ಎರಡು ನಾಯಿಗಳ ಜಗಳದಲ್ಲಿ ನಾಯಿಗಳ ಪಾಲು ಇರುವುದು ನಿಜ. ಆದರೆ ಅವುಗಳಿಗೆ ಅನ್ನ ಎಲ್ಲಿ ಹಾಕುತ್ತೇವೆ, ಎಲ್ಲಿ ಕಟ್ಟುತ್ತೇವೆ, ಎಷ್ಟು ಹೊತ್ತಿಗೆ ಬಿಚ್ಚುತ್ತೇವೆ ಅನ್ನುವುದೆಲ್ಲ ನಮ್ಮ ಕೈಯಲ್ಲಿದೆ. ಆ ಏರ್ಪಾಡು ಬದಲಾಯಿಸಿದರೆ ಮುಕ್ಕಾಲು ಪಾಲು ಮನೆಗಳಲ್ಲಿ ಜಗಳ ತಾನಾಗಿ ಇಳಿಯುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಲೆನಾಡಿನಲ್ಲಿ ಮನೆಗೆ ಎರಡು ನಾಯಿ ಇರುವುದು ಹೊಸದಲ್ಲ. ಇಲ್ಲಿ ಪಕ್ಕದ ಮನೆ ಅಂದರೂ ನಡುವೆ ಒಂದು ತೋಟ, ಒಂದು ಹಳ್ಳ ಇರುತ್ತದೆ. ಹತ್ತಿರದಲ್ಲೇ ಕಾಡು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು, ಅದರ ಆಚೀಚೆಯ ಊರುಗಳಲ್ಲಿ ಚಿರತೆಗೆ ನಾಯಿ ಅಂದರೆ ಸುಲಭದ ತುತ್ತು. ಹಾಗಾಗಿ ಇದ್ದ ನಾಯಿಗೆ ವಯಸ್ಸಾಯಿತು ಅನಿಸಿದ ಕೂಡಲೇ ಒಂದು ಮರಿ ತಂದು ಜೊತೆಗೆ ಬಿಡುತ್ತೇವೆ. ಮೊದಲ ವರ್ಷ ಎಲ್ಲ ಚೆನ್ನ. ಮರಿ ಮೈಮೇಲೆ ಹತ್ತಿದರೂ ದೊಡ್ಡದು ಸಹಿಸಿಕೊಳ್ಳುತ್ತದೆ. ಮರಿಗೆ ಒಂದೂವರೆ, ಎರಡು ವರ್ಷ ತುಂಬುವ ಹೊತ್ತಿಗೆ ಒಂದು ದಿನ ಇದ್ದಕ್ಕಿದ್ದಂತೆ ರಕ್ತ ಬರುವ ಜಗಳ. "ಇಷ್ಟು ದಿನ ಒಟ್ಟಿಗೆ ಮಲಗ್ತಿದ್ವು, ಈಗೇನಾಯ್ತೋ" ಅಂತ ಮನೆಯವರಿಗೆ ದಿಗಿಲು. ಆದದ್ದು ಇಷ್ಟೇ: ಮರಿ ಪ್ರಾಯಕ್ಕೆ ಬಂತು. ಒಂದರಿಂದ ಮೂರು ವರ್ಷದ ನಡುವೆ ನಾಯಿಯ ಬುದ್ಧಿ ಬಲಿಯುತ್ತದೆ, ತನ್ನದು ಅನ್ನುವ ಹಿಡಿತ ಬಿಗಿಯಾಗುತ್ತದೆ. ಒಂದೇ ಸೂಲಿನ ಎರಡು ಮರಿ ತಂದ ಮನೆಗಳಲ್ಲಿ, ಅದರಲ್ಲೂ ಎರಡೂ ಹೆಣ್ಣಾಗಿದ್ದರೆ, ಇನ್ನಷ್ಟು ಎಚ್ಚರ ಬೇಕು. ಹೆಣ್ಣು ಹೆಣ್ಣಿನ ಜಗಳ ಶುರುವಾದ ಮೇಲೆ ಬೇಗ ನಿಲ್ಲುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಿಟ್ಟಿನ ನಾಯಿ ಬೇಕು ಅಂತ ಕೇಳಿದವರೂ ನಾವೇ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಒಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಶಾಸನ ಅದು. ಗಂಗರ ಬೂತುಗ ತನ್ನ ಶೂರ ಮಣಲೆರನಿಗೆ ಏನು ಬೇಕೋ ಕೇಳು ಅಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಸಾವಿರ ವರ್ಷಕ್ಕೂ ಮೇಲಿನಿಂದ ನಾವು ಹಿಂಜರಿಯದೆ ಮೇಲೆ ಬೀಳುವ ನಾಯಿಯನ್ನೇ ಆರಿಸಿ, ಹೊಗಳಿ, ಸಾಕಿಕೊಂಡು ಬಂದಿದ್ದೇವೆ. ನಮ್ಮ ಸೀಮೆಯಲ್ಲೂ ಬೇಟೆನಾಯಿ ಇಲ್ಲದ ದೊಡ್ಡಮನೆ ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ಅಪರಾಧವಾಯಿತು, ನಾಯಿಯ ರಕ್ತ ಮಾತ್ರ ಅದೇ ಉಳಿಯಿತು. ಈಗ ಅದಕ್ಕೆ ಓಡಲು ಕಾಡಿಲ್ಲ, ಕೆಲಸವಿಲ್ಲ, ಹಗಲೆಲ್ಲ ಸರಪಳಿ. ಆ ಬಿಸಿ ಹತ್ತಿರ ಇರುವ ಇನ್ನೊಂದು ನಾಯಿಯ ಮೇಲೆ ತಿರುಗಿದರೆ ಅದನ್ನು ಪಾಪಿ ಅನ್ನುವುದು ನ್ಯಾಯವಲ್ಲ.

"ಕಚ್ಚಾಡಿಕೊಳ್ಳಲಿ ಬಿಡಿ, ಯಾರು ಮೇಲು ಅಂತ ಒಂದ್ಸಲ ತೀರ್ಮಾನ ಆಗಿಹೋಗಲಿ" ಅನ್ನುವ ಸಲಹೆ ಊರಲ್ಲಿ ಧಾರಾಳವಾಗಿ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ಈ ನಂಬಿಕೆಗೆ ಪುಷ್ಟಿ ಕೊಟ್ಟದ್ದು ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಬರೆದದ್ದು. ಕೂಡಿಹಾಕಿದ ತೋಳಗಳು ಮೇಲು ಕೀಳಿಗಾಗಿ ಹೊಡೆದಾಡುತ್ತವೆ ಅಂತ ಅವರು ಕಂಡರು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತೋಳಗಳ ಬಗ್ಗೆ ಬರೆದ ಪುಸ್ತಕ ಅದೇ ಮಾತನ್ನು ಲೋಕಕ್ಕೆಲ್ಲ ಹರಡಿತು. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಮೇಲೆ ಬೇಸಿಗೆ ಕಳೆದು, ಕಾಡಿನ ತೋಳಗಳ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಲ್ಲಿ ಗದ್ದುಗೆಗಾಗಿ ಕಾದಾಟವಿಲ್ಲ ಎಂದು 1999ರಲ್ಲಿ ತಿದ್ದಿ ಬರೆದರು. ಅಂದರೆ ಹೊಡೆದಾಟ ಹುಟ್ಟಿದ್ದು ಕೂಡಿಹಾಕಿದ್ದರಿಂದ. ನಮ್ಮ ಅಂಗಳಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ಒಂದು ಜಗಳದಲ್ಲಿ ಗೆದ್ದ ನಾಯಿ ಕಲಿಯುವುದು ಕಚ್ಚಿದರೆ ಕೆಲಸ ಆಗುತ್ತದೆ ಅನ್ನುವುದನ್ನು, ಸೋತದ್ದು ಕಲಿಯುವುದು ಮುಂದಿನ ಸಲ ಮೊದಲೇ ಕಚ್ಚಬೇಕು ಅನ್ನುವುದನ್ನು. ಹಾಗೆ ಬಿಟ್ಟಷ್ಟೂ ಎರಡಕ್ಕೂ ಅದು ಅಭ್ಯಾಸವಾಗುತ್ತದೆ.

ಸರಿ, ಜಗಳ ಎಲ್ಲಿ, ಯಾವಾಗ ಹತ್ತಿಕೊಳ್ಳುತ್ತದೆ ಅಂತ ನೋಡಿ. ಒಂದು ವಾರ ಗಮನವಿಟ್ಟರೆ ಸಾಕು, ಸಿಕ್ಕ ಸಿಕ್ಕಲ್ಲಿ ಅವು ಜಗಳ ಆಡುವುದಿಲ್ಲ ಅನ್ನುವುದು ನಿಮಗೇ ತಿಳಿಯುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಮೊದಲ ಜಾಗ ಅನ್ನದ ಪಾತ್ರೆ. ರಾತ್ರಿ ಉಳಿದ ಅನ್ನಕ್ಕೆ ಮಜ್ಜಿಗೆಯನ್ನೋ ಸಾರನ್ನೋ ಕಲಸಿ ಒಂದೇ ಕಡೆ ಹಾಕುತ್ತೇವೆ. ಭಾನುವಾರ ಕೋಳಿಯ ಮೂಳೆ ಅದೇ ಅಂಗಳಕ್ಕೆ ಬೀಳುತ್ತದೆ. ಎರಡನೆಯದು ಬಿಚ್ಚುವ ಹೊತ್ತು. ಹಗಲೆಲ್ಲ ಎದುರುಬದುರು ಕಟ್ಟಿ, ಒಂದನ್ನೊಂದು ದಿಟ್ಟಿಸಿಕೊಂಡು ಕೂತ ನಾಯಿಗಳನ್ನು ರಾತ್ರಿ ಊಟದ ಹೊತ್ತಿಗೆ ಒಮ್ಮೆಲೇ ಬಿಚ್ಚುತ್ತೇವೆ. ಇಡೀ ದಿನದ ಓಡಬೇಕೆಂಬ ಆಸೆ, ಹಸಿವು, ಎದುರಿನದರ ಮೇಲಿನ ಕಿರಿಕಿರಿ ಎಲ್ಲ ಒಂದೇ ಗಳಿಗೆಯಲ್ಲಿ ಹೊರಬರುತ್ತವೆ. ಮೂರನೆಯದು ಇಕ್ಕಟ್ಟಿನ ಜಾಗ: ಉಣುಗೋಲಿನ ಸಂದು, ಜಗಲಿಯ ಮೆಟ್ಟಿಲು, ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದಿನ ಬೆಚ್ಚನೆ ಮೂಲೆ. ಆಷಾಢದ ಮಳೆ ಹಿಡಿದರೆ ಒಣಗಿದ ಜಾಗ ಅಂತ ಇರುವುದು ಅದೊಂದೇ, ಅದು ಒಂದು ನಾಯಿಗೆ ಮಾತ್ರ ಸಾಕಾಗುತ್ತದೆ.

ಇನ್ನೊಂದು ಸನ್ನಿವೇಶ ಜನರಿಗೆ ಅರ್ಥವೇ ಆಗುವುದಿಲ್ಲ. ಬಾಳೆಗೊನೆಗೆ ಮಂಗ ಬಂದಾಗ ಎರಡೂ ನಾಯಿ ಬೇಲಿಯವರೆಗೆ ಒಟ್ಟಿಗೆ ಓಡುತ್ತವೆ. ಮಂಗ ಮರ ಹತ್ತಿ ಹಲ್ಲು ಕಿರಿಯುತ್ತದೆ. ಕೈಗೆ ಸಿಗದ ಮಂಗನ ಮೇಲಿನ ಸಿಟ್ಟಿನಲ್ಲಿ ಪಕ್ಕದಲ್ಲಿದ್ದ ಸಂಗಾತಿಯ ಕುತ್ತಿಗೆಗೇ ಬಾಯಿ ಹಾಕುತ್ತವೆ. ಅಲ್ಲಿ ದ್ವೇಷವಿಲ್ಲ, ಉಕ್ಕಿದ ಸಿಟ್ಟು ಹತ್ತಿರ ಸಿಕ್ಕಿದ್ದರ ಮೇಲೆ ಬಿತ್ತು, ಅಷ್ಟೇ. ಅಡಿಕೆ ಸುಲಿತದ ಕಾಲದಲ್ಲಿ ಅಂಗಳದ ತುಂಬ ಜನ ಬಂದಾಗ, ಗೇಟಿನ ಬಳಿ ಬೈಕು ನಿಂತಾಗ, ದೀಪಾವಳಿಯ ಪಟಾಕಿ ಸಿಡಿದಾಗ ಆಗುವುದೂ ಇದೇ. ಕಾರ್ತಿಕದ ಕಥೆಯಂತೂ ಎಲ್ಲರಿಗೂ ಗೊತ್ತು. ಹೆಣ್ಣುನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಸುಮಾರು ಮೂರು ವಾರ ಇರುತ್ತದೆ. ಆಗ ಊರ ಗಂಡುಗಳೆಲ್ಲ ನಿಮ್ಮ ಅಂಗಳದಲ್ಲಿ, ನಿಮ್ಮ ಮನೆಯ ಎರಡು ಅಣ್ಣತಮ್ಮಂದಿರೂ ಶತ್ರುಗಳು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಬಗೆಯ ಜಗಳ ಬಹಳ ಕಡಿಮೆಯಾಗುತ್ತದೆ. ಅನ್ನಕ್ಕಾಗಿ, ಜಾಗಕ್ಕಾಗಿ ಆಡುವ ಜಗಳ ಮಾತ್ರ ಅದೊಂದರಿಂದಲೇ ಹೋಗುವುದಿಲ್ಲ, ಅದಕ್ಕೆ ಏರ್ಪಾಡೇ ಬದಲಾಗಬೇಕು.

ಬದಲಾಯಿಸುವುದು ಕಷ್ಟವೇನಲ್ಲ. ಎರಡು ಅಡಿಕೆ ಹಾಳೆ ತಗೊಳ್ಳಿ. ಒಂದು ಕೊಟ್ಟಿಗೆಯ ಹಿಂದೆ, ಇನ್ನೊಂದು ಜಗಲಿಯ ಆಚೆ ಬದಿ. ಒಂದಕ್ಕೊಂದು ಕಾಣಬಾರದು. ತಿಂದು ಮುಗಿದ ಮೇಲೆ ಹಾಳೆ ಎತ್ತಿಬಿಡಿ, ಖಾಲಿ ಹಾಳೆಗೂ ಅವು ಕಾದಾಡುತ್ತವೆ. ಬೇಯಿಸಿದ ಕೋಳಿಮೂಳೆ ಅಂಗಳಕ್ಕೆ ಎಸೆಯುವುದನ್ನು ನಿಲ್ಲಿಸಿ, ಅದು ಸೀಳಿ ಕರುಳಿಗೆ ಚುಚ್ಚುವುದೂ ಉಂಟು. ಊಟ ಮೊದಲು ಆಗಲಿ, ಬಿಚ್ಚುವುದು ಆಮೇಲೆ. ಬಿಚ್ಚುವಾಗ ಒಂದೊಂದಾಗಿ: ಮೊದಲನೆಯದು ಹೋಗಿ ಉಚ್ಚೆ ಹೊಯ್ದು, ನಾಲ್ಕು ಕಡೆ ಮೂಸಿ, ಮೈ ಕೊಡವಿ ಸಮಾಧಾನವಾದ ಮೇಲೆ ಎರಡನೆಯದು. ಕಟ್ಟುವ ಜಾಗ ಎದುರುಬದುರು ಬೇಡ, ಮನೆಯ ಎರಡು ಮಗ್ಗುಲಿಗೆ ಇರಲಿ. ಸರಪಳಿ ಗೂಟಕ್ಕೆ ಬಿಗಿಯುವ ಬದಲು ಎರಡು ಮರದ ನಡುವೆ ತಂತಿ ಎಳೆದು ಅದರಲ್ಲಿ ಜಾರುವಂತೆ ಮಾಡಿದರೆ ನಾಯಿಗೆ ಹತ್ತು ಹೆಜ್ಜೆ ಓಡಾಟ ಸಿಗುತ್ತದೆ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಸರದಿಯ ಮೇಲೆ ಒಂದೊಂದನ್ನು ಕರಕೊಂಡು ಹೋಗಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗುತ್ತಿಯ ಜೊತೆ ಕಾಡುದಾರಿ ಸವೆಸುವ ಹುಲಿಯ ಎಂಬ ನಾಯಿ ಮರೆಯುವುದಿಲ್ಲ. ನಾಯಿಗೆ ಬೇಕಾದದ್ದು ಅಂಥ ನಡಿಗೆ, ಜೊತೆಗೆ ಒಬ್ಬ ಮನುಷ್ಯ. ನಡೆದು ದಣಿದು ಬಂದ ನಾಯಿಗೆ ಜಗಳಕ್ಕೆ ಅಷ್ಟು ಉಮೇದಿ ಇರುವುದಿಲ್ಲ.

ಚಿರತೆ ಭಯಕ್ಕೆ ರಾತ್ರಿ ಎರಡನ್ನೂ ಗ್ರಿಲ್ ಹಾಕಿದ ಜಗಲಿಗೆ ಇಲ್ಲವೇ ಕಬ್ಬಿಣದ ಗೂಡಿಗೆ ಸೇರಿಸುವ ಮನೆಗಳು ಈಗ ಬಹಳ. ಪ್ರಾಣ ಉಳಿಸಲು ಅದು ಬೇಕೇ ಬೇಕು. ಆದರೆ ಜಗಳವಾಡುವ ಎರಡನ್ನು ಒಂದೇ ಗೂಡಿಗೆ ಹಾಕಿ ಬಾಗಿಲು ಜಡಿದರೆ ಸೋತದ್ದಕ್ಕೆ ಓಡಲು ದಾರಿಯಿಲ್ಲ. ನಡುವೆ ಒಂದು ಗಟ್ಟಿ ತಡಿಕೆ ಹಾಕಿ ಎರಡು ಕೋಣೆ ಮಾಡಿ, ಎರಡಕ್ಕೂ ಬೇರೆ ಬೇರೆ ಬಾಗಿಲು ಇಡಿ. ಅರ್ಧ ದಿನದ ಬಡಗಿ ಕೆಲಸ ಅದು.

ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ ಮೊದಲು ಮೈ ನೋಡಿ. ನೋವಿರುವ ನಾಯಿ ಹತ್ತಿರ ಬಂದವರ ಮೇಲೆ ರೇಗುತ್ತದೆ. ನಮ್ಮ ಮಳೆಗಾಲದಲ್ಲಿ ಕಿವಿ ಸೋರುವುದು, ಬೆರಳ ಸಂದು ಕೊಳೆಯುವುದು, ಮುದಿನಾಯಿಗೆ ಸೊಂಟ ಹಿಡಿಯುವುದು, ಮೂಗಿನ ಹೊಳ್ಳೆಗೆ ಉಂಬಳ ಸೇರುವುದು ಎಲ್ಲ ಮಾಮೂಲು. ಬೇಸಿಗೆಯಲ್ಲಿ ಉಣ್ಣೆ ಹತ್ತಿ ಜ್ವರ ಬರುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಮಂಕಾಗುತ್ತದೆ. ಮುಟ್ಟಿದರೆ ಗುರ್ ಅನ್ನುವ ನಾಯಿಗೆ ಬೈಯುವ ಮೊದಲು ಎನ್.ಆರ್.ಪುರಕ್ಕೋ ಕೊಪ್ಪಕ್ಕೋ ಕರಕೊಂಡು ಹೋಗಿ ಪಶುವೈದ್ಯರಿಗೆ ತೋರಿಸಿ. ಆಸ್ಪತ್ರೆಯಿಂದ ಮರಳಿದ ದಿನ ಔಷಧದ ವಾಸನೆಗೆ ಮನೆಯಲ್ಲಿದ್ದದ್ದು ಅದನ್ನು ಪರಕೀಯ ಅಂತ ಬಗೆಯುವುದುಂಟು, ಆ ರಾತ್ರಿ ಬೇರೆ ಬೇರೆ ಇಡಿ. ಇನ್ನೊಂದು ಎಚ್ಚರ ಎಲ್ಲಕ್ಕಿಂತ ದೊಡ್ಡದು: ಸಾಧುವಾಗಿದ್ದ ನಾಯಿ ಕಂಡಕಂಡದ್ದಕ್ಕೆಲ್ಲ ಬಾಯಿ ಹಾಕುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಧ್ವನಿ ಬದಲಾಗಿದ್ದರೆ ಅದು ರೇಬೀಸ್ ಇರಬಹುದು. ಅಲ್ಲಿ ಬುದ್ಧಿ ಕಲಿಸುವ ಮಾತಿಲ್ಲ. ದೂರ ಇರಿ, ವೈದ್ಯರಿಗೆ ತಿಳಿಸಿ.

ಜಗಳ ಬರುವ ಮೊದಲೇ ಓದಬಹುದು. ಆಟವಾದರೆ ಮೈ ಸಡಿಲ ಇರುತ್ತದೆ, ಮುಂಗಾಲು ಚಾಚಿ ಬೆನ್ನು ಬಾಗಿಸುತ್ತವೆ, ಒಮ್ಮೆ ಇದು ಮೇಲೆ, ಒಮ್ಮೆ ಅದು. ಜಗಳಕ್ಕೆ ಮುಂಚೆ ಮೈ ಸೆಟೆದು ಕಲ್ಲಾಗುತ್ತದೆ, ಬಾಯಿ ಮುಚ್ಚುತ್ತದೆ, ಬಾಲ ಮೇಲೇಳುತ್ತದೆ, ಕಣ್ಣು ಕೀಳದೆ ನೋಡುತ್ತವೆ, ಒಂದು ಇನ್ನೊಂದರ ಭುಜದ ಮೇಲೆ ಗದ್ದ ಇಡುತ್ತದೆ. ಅಷ್ಟು ಕಂಡ ಕೂಡಲೇ ಹೆಸರು ಹಿಡಿದು ಉಲ್ಲಾಸದ ಧ್ವನಿಯಲ್ಲಿ ಕರೆದು ನಿಮ್ಮ ಕಡೆ ಎಳೆಯಿರಿ, ಬಂದದ್ದಕ್ಕೆ ಒಂದು ತುಂಡು ಏನಾದರೂ ಕೊಡಿ. ಗುರುಗುಟ್ಟಿತು ಅಂತ ಕೋಲು ಎತ್ತಬೇಡಿ. ಗುರುಗುಟ್ಟುವುದು ಅಂದರೆ ದೂರ ಇರು ಅಂತ ಹೇಳುವುದು. ಹೊಡೆದು ಹೊಡೆದು ಆ ಮಾತನ್ನು ಬಿಡಿಸಿದರೆ ನಾಯಿ ಮುನ್ಸೂಚನೆ ಕೊಡದೆ ನೇರ ಕಚ್ಚಲು ಕಲಿಯುತ್ತದೆ.

ಅಷ್ಟಾದರೂ ಒಂದು ದಿನ ಹತ್ತಿಕೊಂಡಿತು ಅಂತಿಟ್ಟುಕೊಳ್ಳಿ. ಕೈ ಹಾಕಬೇಡಿ, ಕುತ್ತಿಗೆ ಪಟ್ಟಿ ಹಿಡಿಯಲು ಹೋಗಬೇಡಿ. ಆ ಹೊತ್ತಿನಲ್ಲಿ ಅವಕ್ಕೆ ನಿಮ್ಮ ಕೈ ಯಾವುದು, ಎದುರಿನ ನಾಯಿಯ ಕಾಲು ಯಾವುದು ಅನ್ನುವ ಪರಿವೆ ಇರುವುದಿಲ್ಲ. ಕಿರುಚುವುದು, ಹೊಡೆಯುವುದು ಬೆಂಕಿಗೆ ತುಪ್ಪ. ಬಚ್ಚಲ ಕೊಡಪಾನದ ತಣ್ಣೀರನ್ನು ಮುಖಕ್ಕೆ ಬೀಳುವಂತೆ ರಾಚಿ. ತಗಡನ್ನೋ ಕೊಡವನ್ನೋ ಜೋರಾಗಿ ಬಡಿಯಿರಿ. ದಪ್ಪ ಕಂಬಳಿ ಇಲ್ಲವೇ ಒದ್ದೆ ಗೋಣಿಚೀಲ ಎರಡರ ಮೇಲೂ ಬೀಳಲಿ. ನಮ್ಮ ಮನೆಗಳಲ್ಲಿ ಕೊಡೆಗೆ ಬರವಿಲ್ಲ, ಎರಡು ಮುಖದ ನಡುವೆ ಕೊಡೆ ಬಿಚ್ಚಿದರೆ ಕಣ್ಣಿಗೆ ಮರೆಯಾಗುತ್ತದೆ. ಹಲಗೆ, ತಡಿಕೆ ನಡುವೆ ತೂರಿಸಿದರೂ ಆಯಿತು. ಇಬ್ಬರು ದೊಡ್ಡವರಿದ್ದು, ಬೇರೆ ದಾರಿ ಕಾಣದಿದ್ದರೆ, ಇಬ್ಬರೂ ಒಂದೇ ಸಲ ಒಂದೊಂದರ ಹಿಂಗಾಲುಗಳನ್ನು ಎತ್ತಿ ಹಿಂದಕ್ಕೆ ಸರಿಯಬಹುದು, ಆದರೆ ಕಚ್ಚಿ ಹಿಡಿದುಕೊಂಡಿದ್ದರೆ ಎಳೆಯಬೇಡಿ, ಚರ್ಮ ಹರಿಯುತ್ತದೆ. ಬಿಟ್ಟ ಕೂಡಲೇ ಎರಡನ್ನೂ ಬೇರೆ ಬೇರೆ ಬಾಗಿಲೊಳಗೆ ಹಾಕಿ. ಮಕ್ಕಳನ್ನು ಮೊದಲೇ ಮನೆಯೊಳಗೆ ಕಳಿಸಿ.

ಆಮೇಲೆ ಗಾಯ ಹುಡುಕಿ. ಕೋರೆಹಲ್ಲಿನ ತೂತು ಮೇಲೆ ಸಣ್ಣದಾಗಿ ಕಾಣುತ್ತದೆ, ಒಳಗೆ ಆಳ ಇಳಿದಿರುತ್ತದೆ, ಕೂದಲು ಮುಚ್ಚಿಬಿಡುತ್ತದೆ. ಮಳೆಗಾಲದಲ್ಲಿ ಎರಡು ಮೂರು ದಿನದಲ್ಲಿ ಹುಳ ಬೀಳುತ್ತದೆ. ಸೀಮೆಎಣ್ಣೆ ಸುರಿಯಬೇಡಿ, ಸುಣ್ಣ ಮೆತ್ತಬೇಡಿ, ಶುದ್ಧ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಬಿಡಿಸಲು ಹೋದವರಿಗೆ ಹಲ್ಲು ತಾಗಿದ್ದರೆ "ನಮ್ಮನೆ ನಾಯಿ ತಾನೇ" ಅಂತ ಬಿಡುವಂತಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ತೋಳಿನ ಸ್ನಾಯುವಿಗೆ ಕೊಡುವ ಚುಚ್ಚುಮದ್ದು ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ರಕ್ತ ಬಂದ ಗಾಯಕ್ಕೆ ಜೊತೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ವೈದ್ಯರು ಹೇಳುತ್ತಾರೆ. ಲೂಯಿ ಪಾಶ್ಚರ್ 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಟ್ಟಂದಿನಿಂದ ಈ ರೋಗಕ್ಕೆ ತಡೆ ಇದೆ, ಲಕ್ಷಣ ಕಂಡ ಮೇಲೆ ಮಾತ್ರ ಉಳಿಗಾಲವಿಲ್ಲ. ಎರಡೂ ನಾಯಿಗಳಿಗೆ ವರ್ಷವರ್ಷ ಲಸಿಕೆ ಹಾಕಿಸುವುದು ಸಾಕುವವರ ಕರ್ತವ್ಯ.

ರಾಜಿ ಮಾಡಿಸುವುದಕ್ಕೆ ಆತುರ ಬೇಡ. ಜಗಳವಾದ ಸಂಜೆಯೇ ಎರಡನ್ನೂ ಹಿಡಿದು ಮೂತಿಗೆ ಮೂತಿ ತಾಗಿಸುವವರಿದ್ದಾರೆ, ಅದು ಕೆಡುಕು. ಕೆಲವು ದಿನ ಪೂರ್ತಿ ಬೇರೆ ಇಡಿ. ಇದು ಹೊರಗಿದ್ದಾಗ ಅದು ಒಳಗೆ, ಆಮೇಲೆ ಅದಲು ಬದಲು. ಮಲಗುವ ಗೋಣಿ ಬದಲಾಯಿಸಿ ಹಾಕಿ, ವಾಸನೆ ಪರಿಚಯ ಉಳಿಯಲಿ. ಆಮೇಲೆ ಇಬ್ಬರು ಒಂದೊಂದನ್ನು ಹಗ್ಗದಲ್ಲಿ ಹಿಡಿದು ಅಂಗಳದಿಂದ ಹೊರಗೆ, ಯಾರದೂ ಅಲ್ಲದ ದಾರಿಯಲ್ಲಿ, ನಡುವೆ ಸಾಕಷ್ಟು ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಯಿರಿ. ಎದುರುಬದುರು ಬೇಡ. ಒಂದು ಇನ್ನೊಂದನ್ನು ನೋಡಿ ಸುಮ್ಮನೆ ಮುಖ ತಿರುಗಿಸಿದಾಗ ಮೆಚ್ಚಿ ತಿನ್ನಲು ಕೊಡಿ. ದಿನ ಕಳೆದಂತೆ ಅಂತರ ತಾನಾಗಿ ಕಡಿಮೆಯಾಗುತ್ತದೆ. ಅಂಗಳದಲ್ಲಿ ಮೊದಮೊದಲು ಬಿಡುವಾಗ ಕುತ್ತಿಗೆಯಿಂದ ಒಂದು ಉದ್ದ ಹಗ್ಗ ಎಳೆದಾಡುತ್ತಿರಲಿ, ನೀವು ಅಲ್ಲೇ ಇರಿ, ಬೇಕಾದರೆ ಅದನ್ನು ಹಿಡಿದು ದೂರ ಸರಿಸಬಹುದು. ವಾರಗಳು ಹಿಡಿಯುತ್ತವೆ, ಕೆಲವು ಜೋಡಿಗೆ ತಿಂಗಳುಗಳು. ಅವು ಗೆಳೆಯರಾಗಲೇಬೇಕು ಅಂತಿಲ್ಲ. ಒಂದನ್ನೊಂದು ಕಂಡು ದಾರಿ ಬಿಟ್ಟು ಹೋದರೆ ಅದೇ ಗೆಲುವು.

ಕೆಲವು ಜೋಡಿ ಏನು ಮಾಡಿದರೂ ಹೊಂದುವುದಿಲ್ಲ, ಅದನ್ನೂ ಒಪ್ಪಬೇಕು. ಪ್ರತಿಸಲ ಆಳದ ಗಾಯ ಆಗುತ್ತಿದ್ದರೆ, ದೊಡ್ಡ ನಾಯಿ ಸಣ್ಣದನ್ನು ಕೊಲ್ಲುವ ಹಾಗಿದ್ದರೆ, ಜೀವನವಿಡೀ ಎರಡು ಬಾಗಿಲ ಸಂಸಾರ ಮಾಡಿಸಿ. ಅದೂ ಆಗದಿದ್ದರೆ ಒಂಟಿಯಾಗಿ ಇಟ್ಟುಕೊಳ್ಳುವ ಒಂದು ಒಳ್ಳೆಯ ಮನೆ ಹುಡುಕಿ, ಅವರ ಹತ್ತಿರ ಇರುವ ವಿಷಯ ಇರುವಂತೆ ಹೇಳಿ: ಇದು ಮನುಷ್ಯರಿಗೆ ಒಳ್ಳೆಯದು, ಬೇರೆ ನಾಯಿ ಕಂಡರೆ ಆಗುವುದಿಲ್ಲ. ಅಂಥ ಮನೆ ಸಿಗುತ್ತದೆ, ಒಂದೇ ನಾಯಿ ಸಾಕುವವರು ನಮ್ಮಲ್ಲಿ ಎಷ್ಟೋ ಮಂದಿ.

ಆದರೆ ಚೀಲದಲ್ಲಿ ತುಂಬಿ ಭದ್ರಾ ಹಿನ್ನೀರಿನ ಆಚೆಗೋ, ಘಾಟಿಯ ತಿರುವಿಗೋ, ಕಾಡಿನಂಚಿಗೋ ಒಯ್ದು ಬಿಡುವ ಮಾತು ಇನ್ನು ಬೇಡ. ಅನ್ನ ಹಾಕಿದ ಕೈಯನ್ನೇ ನಂಬಿದ ಪ್ರಾಣಿಗೆ ಅಲ್ಲಿ ಬೇಟೆ ಗೊತ್ತಿಲ್ಲ, ದಾರಿ ಗೊತ್ತಿಲ್ಲ. ಚಿರತೆ ಸಿಕ್ಕರೆ ಒಂದು ರಾತ್ರಿ, ಸಿಗದಿದ್ದರೆ ಹಸಿವಿನಲ್ಲಿ ನವೆದು ಸಾವು. ಬದುಕಿ ಉಳಿದರೆ ಡಿಸ್ಟೆಂಪರಿನಂಥ ಜಾಡ್ಯ ಕಾಡಿನ ಪ್ರಾಣಿಗಳಿಗೆ ಹರಡಬಹುದು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ದೂಡಿ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಮಾಡಬಾರದ ಕೆಲಸ.

ಹೋಗಿ, ಹೊತ್ತಾಯಿತು, ನಿಮಗೂ ಹಾಲು ಕರೆಯುವ ಸಮಯ. ಇವತ್ತು ರಾತ್ರಿಯೇ ಅನ್ನ ಎರಡು ಕಡೆ ಹಾಕಿ, ಬಿಚ್ಚುವಾಗ ಒಂದೊಂದಾಗಿ ಬಿಚ್ಚಿ. ಎರಡು ಕೋಣೆಯ ಗೂಡಿಗೆ ತಡಿಕೆ ಬೇಕಿದ್ದರೆ ನಮ್ಮ ಕೊಟ್ಟಿಗೆಯಲ್ಲಿ ಬಿದಿರಿದೆ, ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗಿ. ಎರಡು ನಾಯಿಯನ್ನು ಹಗ್ಗದಲ್ಲಿ ನಡೆಸಲು ಇಬ್ಬರು ಬೇಕಲ್ಲ, ಒಂದನ್ನು ನಾನು ಹಿಡಿಯುತ್ತೇನೆ.